ಅಜ್ಜಿಯ ನೋವುಗಳಲ್ಲಿ ಒಂದು ಹೊಸದು

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ತತಾಕುವಾ ಒಲೆಯ ಬಾಯಿಗೆ ಮುಖ ಕೊಟ್ಟವರು ತಣ್ಣೀರು ಮುಟ್ಟಬಾರದು. ಕುಡಿಯಬಾರದು, ಕೈ ತೊಳೆಯಬಾರದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಲೂ ಬಾರದು. ಮುಟ್ಟಿದರೆ ಪಾಸ್ಮೋ ಬಡಿಯುತ್ತದೆ. ಕಾದ ಮೈಯೊಳಗೆ ಥಂಡಿ ನುಗ್ಗಿ ನರ ಹಿಡಿದುಕೊಳ್ಳುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಕೆಲವರು ಹೋಗಿಯೂಬಿಡುತ್ತಾರೆ. ಪಿರಿಬೆಬುಯ್‌ನ ನಮ್ಮ ಬೀದಿಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತಿದ್ದ ವಿಷಯ.

ತತಾಕುವಾ ಅಂದರೆ ಹಿತ್ತಿಲಲ್ಲಿ ಮಾವಿನ ಮರದ ಪಕ್ಕ, ಬೋರಲು ಹಾಕಿದ ಹಂಡೆಯ ಹಾಗೆ ಕೂತಿದ್ದ ಮಣ್ಣಿನ ಒಲೆ. ಒಳಗೆ ಸೌದೆ ಉರಿಸಿ, ಕೆಂಡವನ್ನೆಲ್ಲ ಹೊರಗೆಳೆದು, ಉಳಿದ ಕಾವಿನಲ್ಲಿ ಬಾಳೆಲೆಯ ಮೇಲೆ ಚಿಪಾ ಎಂಬ ರೊಟ್ಟಿ ಬೇಯಿಸುವುದು. ಮರಗೆಣಸಿನ ಹಿಟ್ಟು, ಚೀಸು, ಮೊಟ್ಟೆ, ಹಂದಿ ಕೊಬ್ಬು, ಒಂದಿಷ್ಟು ಸೋಂಪು, ಅಷ್ಟೇ. ಆದರೆ ಈಸ್ಟರಿಗೆ ಮುಂಚಿನ ಪವಿತ್ರ ವಾರದ ಬುಧವಾರ ಇಡೀ ಬೀದಿಯ ಹಿತ್ತಿಲುಗಳಿಂದ ಆ ಹೊಗೆ ಏಳುತ್ತಿತ್ತಲ್ಲ, ಸೋಂಪು ಸೀದ ವಾಸನೆ ಬರುತ್ತಿತ್ತಲ್ಲ, ಅದಕ್ಕೆ ಸಮನಾದ ವಾಸನೆಯನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಬುಧವಾರ ಬೇಯಿಸಿ ಗುರುವಾರ, ಶುಭ ಶುಕ್ರವಾರ ಎರಡೂ ದಿನ ಅದನ್ನೇ ತಿನ್ನುವುದು, ಒಲೆ ಹಚ್ಚುವಂತಿಲ್ಲ. ಮಕ್ಕಳಿಗೆಂದೇ ಪಾರಿವಾಳದ ಆಕಾರದ್ದು, ಮೊಸಳೆಯ ಆಕಾರದ್ದು ಬೇರೆ ಮಾಡುತ್ತಿದ್ದರು. ನನ್ನ ಮೊಸಳೆಗೆ ಮಾತ್ರ ಎರಡು ಬಾಲ, ಅಜ್ಜಿಯ ಕೃಪೆ.

ಅಜ್ಜಿ ಲಿದುವಿನಾಳ ಬೆರಳುಗಳು ನಾನು ಹುಟ್ಟುವ ಮೊದಲೇ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ. ಅವಳದು ಸುಮ್ಮನೆ ವಯಸ್ಸಿನ ಮಂಡಿನೋವಲ್ಲ. ಮೈಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ಸಂಧಿವಾತ, ಅಪ್ಪ ಶಾಲೆಗೆ ಹೋಗುವ ಕಾಲದಲ್ಲೇ ಶುರುವಾಗಿತ್ತಂತೆ. ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ, ಬಾಟಲಿಯ ಮುಚ್ಚಳವನ್ನು ಅಜ್ಜನೇ ತೆಗೆಯಬೇಕು. ಆದರೆ ಹಿಟ್ಟನ್ನು ಮಾತ್ರ ಬೇರೆಯವರ ಕೈಗೆ ಕೊಡಳು. ಬೆರಳು ಬಾರದಿದ್ದರೆ ಮುಂಗೈ, ಮುಂಗೈ ಸೋತರೆ ಮೊಣಕೈ. ಮರದ ಹರಿವಾಣದ ಮೇಲೆ ಬಗ್ಗಿ ಮೊಣಕೈಯಿಂದ ನಾದುವುದನ್ನು ನೋಡಿದರೆ ಯಾರ ಜೊತೆಗೋ ಕುಸ್ತಿಗೆ ಬಿದ್ದಿದ್ದಾಳೆ ಅನ್ನಿಸುತ್ತಿತ್ತು.

"ಹೇಗಿದ್ದೀಯ?" ಎಂದು ಯಾರು ಕೇಳಲಿ, ಅಜ್ಜಿಯದು ಒಂದೇ ಉತ್ತರ: "ಯಾವತ್ತಿನ ಹಾಗೇ." ನೋವುಗಳು ಅವಳಿಗೆ ಮನೆಯಲ್ಲೇ ಬೀಡುಬಿಟ್ಟ ನೆಂಟರಿದ್ದ ಹಾಗೆ. ಮೂಲೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ನೋವಿನ ಮಾತ್ರೆ ಸದಾ ಏಪ್ರನ್ನಿನ ಜೇಬಿನಲ್ಲಿ. ಅಷ್ಟು ನೆಂಟರ ನಡುವೆ ಒಬ್ಬ ಹೊಸಬ ಬಂದು ಕೂತರೆ ಗುರುತು ಹಿಡಿಯುವವರು ಯಾರು?

ಅದು ನನ್ನ ಶಾಲೆಯ ಕೊನೆಯ ವರ್ಷ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಆಗತಾನೇ ಶುರುವಾಗಿತ್ತು, ಸೆಕೆ ಇನ್ನೂ ಇಳಿದಿರಲಿಲ್ಲ. ಒಂದು ಶನಿವಾರ ಅಪ್ಪನ ಹುಟ್ಟುಹಬ್ಬಕ್ಕೆಂದು ತತಾಕುವಾ ಹೊತ್ತಿಸಿದ್ದರು. ಅಪ್ಪ ಕ್ರಿಸ್ಪಿನ್, ರಾಜಧಾನಿ ಅಸುನ್ಸಿಯೋನ್ ಕಡೆಗೆ ಹೋಗುವ ಬಸ್ಸಿನ ಡ್ರೈವರು, ಅವತ್ತು ರಜೆ ಹಾಕಿ ಮಾವಿನ ಮರದ ಕೆಳಗೆ ಬೀಗುತ್ತ ಕೂತಿದ್ದ. ಅಮ್ಮ ಸುನಿಲ್ದಾ ಎಲ್ಲರಿಗೂ ಸರದಿಯಲ್ಲಿ ತೆರೆರೆ ಹೊಯ್ದು ಕೊಡುತ್ತಿದ್ದಳು. ಕೊಂಬಿನ ಬಟ್ಟಲಲ್ಲಿ ಸೊಪ್ಪು, ಅದರ ಮೇಲೆ ಮಂಜುಗಡ್ಡೆ ತೇಲುವ ನೀರು, ಹೀರಲು ಒಂದೇ ಕೊಳವೆ. ಅಜ್ಜಿ ಉದ್ದ ಹಿಡಿಯ ಸಲಿಕೆಯಿಂದ ಕೊನೆಯ ತಟ್ಟೆಯನ್ನು ಒಲೆಯೊಳಗೆ ತಳ್ಳಿದಳು, ಅದರ ಬಾಯಿ ಮುಚ್ಚಿದಳು, ಬಂದು ಸ್ಟೂಲಿನ ಮೇಲೆ ಕುಸಿದಳು.

ಅಷ್ಟು ನನಗೆ ನೆನಪಿದೆ. ಆಮೇಲೆ ಬಟ್ಟಲು ಅವಳ ಕೈಯಲ್ಲಿತ್ತು. ಹೀರಿದಳು. ಬಟ್ಟಲು ಉರುಳಿತು. ಅಜ್ಜಿಯ ಮುಖ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತು, ಎಡಗೈಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಳು, ಹಣೆಯ ಮೇಲೆ ಬೆವರೋ ಬೆವರು.

"ಅಯ್ಯೋ ಅಮ್ಮಾ!" ಅಪ್ಪ ಎದ್ದ. "ಏನಾಯ್ತು? ಏನ್ ಕುಡಿದೆ?"

ಅಜ್ಜ ಎಲಿಹಿಯೋ ಉರುಳಿದ ಬಟ್ಟಲನ್ನು ನೋಡಿದ. ಆಮೇಲೆ ಅಮ್ಮನನ್ನು ನೋಡಿದ. "ಒಲೆ ಮುಂದಿಂದ ಎದ್ದವಳಿಗೆ ಐಸ್ ನೀರು ಕೊಟ್ಯಾ, ಸುನಿಲ್ದಾ?"

"ನಾನ್ ಕೊಡ್ಲಿಲ್ಲ ಮಾವ, ಅವರೇ..."

"ಬಟ್ಟಲು ತಾನಾಗೇ ಹಾರ್ಕೊಂಡ್ ಬಂತಾ?"

ಅಜ್ಜಿ ಬಾಯಿ ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲೂ ಇರಲಿಲ್ಲ.

ಗದ್ದಲ ಕೇಳಿ, ಬೀದಿಯ ಏರಿನಾಚೆ ಮನೆಯ ಞಾ ಪಾಸ್ತೋರಾ ಬೇಲಿ ದಾಟಿ ಬಂದೇಬಿಟ್ಟಳು. ಞಾ ಅಂದರೆ ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ಗೌರವದ ಮಾತು. ನಮ್ಮ ಬೀದಿಯ ಪಾಸ್ಮೋಗೆಲ್ಲ ಅವಳೇ ಡಾಕ್ಟರು. ಸಕ್ಕರೆಯನ್ನು ಕೆಂಡದಲ್ಲಿ ಸುಟ್ಟು ಕಷಾಯ ಮಾಡಿದಳು, ನಾಗದಾಳಿ ಸೊಪ್ಪು ಕುದಿಸಿ ಅಜ್ಜಿಯ ಕಾಲು ಅದರಲ್ಲಿ ಇಳಿಸಿದಳು, ಉಣ್ಣೆಯ ಕಂಬಳಿ ಹೊದಿಸಿದಳು. ಆ ಸೆಕೆಯಲ್ಲಿ! ಸ್ವಲ್ಪ ಹೊತ್ತಿಗೆ ಅಜ್ಜಿಯ ಮುಖಕ್ಕೆ ಬಣ್ಣ ಬಂತು.

"ನೋಡಿದ್ರಾ?" ಞಾ ಪಾಸ್ತೋರಾ ಸೊಂಟದ ಮೇಲೆ ಕೈಯಿಟ್ಟಳು. "ಇನ್ನೊಂದು ಗುಟುಕು ಹೀರಿದ್ದಿದ್ರೆ ಶವಪೆಟ್ಟಿಗೆ ತರಬೇಕಾಗಿತ್ತು. ಲಂಬರೆ ಕಡೆಯವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಬಿಡಿ, ಅಲ್ಲಿ ಗ್ಯಾಸ್ ಒಲೇಲಿ ಚಿಪಾ ಮಾಡ್ತಾರಂತೆ."

ಅಮ್ಮ ರಾಜಧಾನಿಯ ಪಕ್ಕದ ಲಂಬರೆಯವಳು. ಮದುವೆಯಾಗಿ ನನ್ನಷ್ಟು ದೊಡ್ಡ ಮಗಳಿದ್ದರೂ ಅವಳು ಲಂಬರೆಯವಳೇ. ಮಾತಾಡದೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು, ಅದೂ ಎಂಥ ಸದ್ದು! ಅಪ್ಪನ ಹುಟ್ಟುಹಬ್ಬದ ಅಡುಗೆಯನ್ನು ಯಾರೂ ಸರಿಯಾಗಿ ತಿನ್ನಲಿಲ್ಲ. ಅಪ್ಪ ಮಾತ್ರ ಎರಡು ತುಂಡು ಹೆಚ್ಚಿಗೆ ತಿಂದ. ಗಾಬರಿಯಾದರೆ ಅವನಿಗೆ ಹಸಿವು.

ಅಂದಿನಿಂದ ಮನೆ ಎರಡು ಪಾಲಾಯಿತು. ಅಜ್ಜಿಯ ಕೋಣೆಯ ಫ್ಯಾನು ಬಂದ್, ಕಿಟಕಿ ಬಂದ್. ಅಜ್ಜಿಗೆ ನೀರು ಕೊಡುವ ಕೆಲಸ ಅಮ್ಮನಿಂದ ನನಗೆ ಬಂತು. ತೆರೆರೆಯ ಅದೇ ಸೊಪ್ಪಿಗೆ ಬಿಸಿನೀರು ಹೊಯ್ದು ಹೀರುವುದಕ್ಕೆ ಮಾತೆ ಅನ್ನುತ್ತೇವೆ; ಅಜ್ಜ ಬೆಳಗಿನ ಆ ಮಾತೆಯನ್ನು ತಾನೇ ಕಾಯಿಸಿಕೊಂಡು ಅಜ್ಜಿಗೂ ಕೊಟ್ಟ, ಅಮ್ಮನಿಗೆ ಬಟ್ಟಲು ದಾಟಿಸಲಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಅಮ್ಮ ಸುಮ್ಮನಿರುವ ಜಾತಿಯವಳಲ್ಲ. ಬಾಯಿಂದ ಜಗಳ ಆಡುವುದನ್ನು ನಿಲ್ಲಿಸಿ ಕಣ್ಣಿಂದ ಆಡತೊಡಗಿದಳು. ಅಜ್ಜಿ ಎದ್ದರೆ ನೋಡುವಳು, ಕೂತರೆ ನೋಡುವಳು. ಒಂದು ದಿನ ಮಧ್ಯಾಹ್ನ ಹುರುಳಿಕಾಯಿ ಸಾರು, ಬೇಯಿಸಿದ ಮರಗೆಣಸು ಇಟ್ಟುಕೊಂಡು ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿಯೇಬಿಟ್ಟಳು.

"ಅತ್ತೆಗೆ ನಿನ್ನೆ ಮತ್ತೆ ಬಂತು."

"ಏನ್ ಬಂತು?" ಅಂದ ಅಪ್ಪ.

"ಅದೇ. ಬಟ್ಟೆ ಒಣಹಾಕೋಕೆ ಕೈ ಎತ್ತಿದ್ರು, ಹಾಗೇ ತಂತಿ ಹಿಡ್ಕೊಂಡು ನಿಂತ್ರು. ದವಡೆ ಒತ್ಕೊಂಡ್ರು. ಕಲ್ಲ ಮೇಲೆ ಕೂತ್ರು, ಹೋಯ್ತು. ಮೊನ್ನೆ ಅಂಗಳ ಗುಡಿಸುವಾಗ್ಲೂ ಹಂಗೇ. ಒಲೆ ಇರ್ಲಿಲ್ಲ, ಐಸ್ ಇರ್ಲಿಲ್ಲ. ಕೆಲಸ ಮಾಡಿದ್ರೆ ಬರುತ್ತೆ, ಕೂತ್ರೆ ಹೋಗುತ್ತೆ. ಇದ್ಯಾವ ಸೀಮೆ ಪಾಸ್ಮೋ?"

ಅಜ್ಜಿ ಚಮಚ ಕೆಳಗಿಟ್ಟಳು. ಚಮಚದ ಹಿಡಿಗೆ ಅಜ್ಜ ಬಟ್ಟೆ ಸುತ್ತಿಕೊಟ್ಟಿದ್ದ, ಅವಳ ಮುಷ್ಟಿಗೆ ಸಿಗಲೆಂದು. "ದವಡೇಲೂ ಕೀಲಿದೆ ಕಣೇ. ವಾತ ಮೇಲಕ್ಕೆ ಹತ್ತಿದೆ. ಇಷ್ಟು ವರ್ಷ ಕೆಳಗಿತ್ತು, ಬೇಜಾರಾಗಿ ಮೇಲ್ಮನೆ ನೋಡೋಕೆ ಬಂದಿದೆ."

"ಉಸಿರೂ ಕಟ್ಟುತ್ತಲ್ಲ ಅತ್ತೆ?"

"ನಿನ್ನ ಸಾರು ಕುಡಿದ್ರೆ ಯಾರಿಗೆ ಕಟ್ಟಲ್ಲ?"

ಅಪ್ಪ ನಕ್ಕುಬಿಟ್ಟ. ಅಮ್ಮನ ಕಣ್ಣು ನೋಡಿ ಅರ್ಧಕ್ಕೇ ನಿಲ್ಲಿಸಿದ.

"ನಗು, ನಗು," ಅಂದಳು ಅಮ್ಮ. "ನಾಳೆ ಏನಾದ್ರೂ ಆದ್ರೆ ಕೊಂದವಳು ಸೊಸೆ ಅಂತ ಬೀದಿಯೆಲ್ಲ ಹೇಳುತ್ತೆ. ಆವಾಗ್ಲೂ ನಗು."

ಆ ಮಾತಿನಲ್ಲೇ ಎಲ್ಲ ಇತ್ತು. ಅಮ್ಮನಿಗೆ ಅಜ್ಜಿಯ ಜೀವದ ಚಿಂತೆ ಎಷ್ಟಿತ್ತೋ ತನ್ನ ತಲೆಯ ಮೇಲೆ ಕೂತ ಹೆಸರಿನ ಚಿಂತೆಯೂ ಅಷ್ಟೇ ಇತ್ತು. ಎರಡನ್ನೂ ಬೇರೆ ಮಾಡಲು ಅವಳಿಂದಲೂ ಆಗುತ್ತಿರಲಿಲ್ಲ.

ಕೀಲಿನ ಡಾಕ್ಟರ ಹತ್ತಿರ ಅಜ್ಜಿಯ ವಾಡಿಕೆಯ ತಪಾಸಣೆ ಬಂತು. ಪ್ರತಿ ಸಲ ಅಜ್ಜನೇ ಕರೆದುಕೊಂಡು ಹೋಗುತ್ತಿದ್ದ. ಆ ಸಲ ಅಮ್ಮ ಬೆಳಗ್ಗೆಯೇ ಒಳ್ಳೆಯ ಉಡುಪು ಹಾಕಿ, ಚೀಲ ನನ್ನ ಹೆಗಲಿಗೆ ಹಾಕಿ, ಬಾಗಿಲಲ್ಲಿ ನಿಂತಿದ್ದಳು. "ಮಾವನ ಸೊಂಟ ಹಿಡ್ಕೊಂಡಿದೆ. ನಾನ್ ಹೋಗ್ತೀನಿ." ಅಜ್ಜನ ಸೊಂಟಕ್ಕೆ ಏನೂ ಆಗಿರಲಿಲ್ಲ. ಆದರೆ ಅವನು ಯಾಕೋ ಎದುರು ಹೇಳಲಿಲ್ಲ, ಬಗ್ಗಿ ಸೊಂಟ ಹಿಡಿದುಕೊಂಡ.

ಡಾಕ್ಟರ್ ಅರುವಾ ಅಜ್ಜಿಯ ಬೆರಳ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಕೇಳಿದಳು, "ಹೇಗಿದ್ದೀರಿ ಞಾ ಲಿದುವಿನಾ?"

"ಯಾವತ್ತಿನ ಹಾಗೇ ಡಾಕ್ಟ್ರಮ್ಮ."

"ಸುಳ್ಳು," ಅಂದಳು ಅಮ್ಮ. ಮತ್ತೆ ತಂತಿ, ದವಡೆ, ಅಂಗಳ, ಎಡಗೈ, ಉಸಿರು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಸುರಿದಳು.

ಅಜ್ಜಿ ಶಾಂತವಾಗಿ ಹೇಳಿದಳು, "ಪಾಸ್ಮೋ ಡಾಕ್ಟ್ರಮ್ಮ. ಒಲೆ ಮುಂದೆ ಇವಳು ಐಸ್ ನೀರು ಕೊಟ್ಳು. ಈಗ ತನ್ನ ತಪ್ಪು ತೊಳ್ಕೊಳೋಕೆ ನನ್ನ ಮೈಗೆ ಹೊಸ ರೋಗ ಹುಡುಕ್ತಿದಾಳೆ."

ಡಾಕ್ಟರು ನಗಲಿಲ್ಲ. ಅವಳೂ ನಮ್ಮ ಕಡೆಯವಳೇ ತಾನೆ. "ನಮ್ಮಮ್ಮನೂ ಇಸ್ತ್ರಿ ಮಾಡಿದ ದಿನ ಕೈ ತೊಳೆಯಲ್ಲ. ಪಾಸ್ಮೋ ಪಕ್ಕಕ್ಕಿರ್ಲಿ. ಒಂದೇ ಒಂದು ಕೇಳ್ತೀನಿ. ಅವತ್ತು ಮೊದಲು ಬಂದಿದ್ದು ಯಾವುದು, ನೀರಾ, ನೋವಾ?"

ಅಜ್ಜಿ ತನ್ನ ಕೈ ನೋಡಿಕೊಂಡಳು. ಗೋಡೆಯ ಕಡೆ ನೋಡಿದಳು. ಅಮ್ಮನನ್ನು ಬಿಟ್ಟು ಎಲ್ಲವನ್ನೂ ನೋಡಿದಳು.

"ನೋವು," ಅಂದಳು.

ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಾಗ ಅಜ್ಜಿಯೇ ಮುಂದುವರಿಸಿದಳು.

"ಕೊನೇ ತಟ್ಟೆ ತಳ್ಳುವಾಗ್ಲೇ ಎದೆ ಮೇಲೆ ಯಾರೋ ಕೂತ ಹಾಗಿತ್ತು. ಬಾಯಿ ಒಣಗ್ತು. ಅದಕ್ಕೇ ಬಟ್ಟಲು ಇಸ್ಕೊಂಡೆ. ಅವಳು ಬೇಡ ಅಂದ್ಳು. ನಾನೇ ಕಿತ್ಕೊಂಡೆ."

ಅಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟು ವಾರ! ಕಂಬಳಿ ಹೊದ್ದು ಮಲಗಿದ್ದ ಅಜ್ಜಿಗೆ ಅಷ್ಟೂ ದಿನ ಗೊತ್ತಿತ್ತು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದಳು. "ಈ ಸಂಧಿವಾತದ ಬೆಂಕಿ ಬರೀ ಬೆರಳಲ್ಲಿ ಉರಿಯಲ್ಲ ಞಾ ಲಿದುವಿನಾ. ರಕ್ತನಾಳಗಳ ಒಳಗೂ ಉರಿಯುತ್ತೆ. ಹೃದಯಕ್ಕೆ ರಕ್ತ ಒಯ್ಯೋ ನಾಳ ಇದ್ಯಲ್ಲ, ಅದರ ದಾರಿ ಇಕ್ಕಟ್ಟಾಗ್ತಾ ಬರುತ್ತೆ. ಬೇರೆಯವರಿಗಿಂತ ನಿಮ್ಮಂಥವರಿಗೆ ಜಾಸ್ತಿ, ಬೇಗ. ಕೂತಾಗ ಅಷ್ಟು ರಕ್ತ ಸಾಕು, ಕೆಲಸ ಮಾಡಿದ್ರೆ ಸಾಲಲ್ಲ, ನೋಯುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಮೊದಲನೇ ದಿನವೇ ಓಡಿ ಬರ್ತಿದ್ರು. ಮೈಯೆಲ್ಲ ನೋಯೋರಿಗೆ ಇದೂ ಅದೇ ಅನ್ಸುತ್ತೆ. ಜೇಬಲ್ಲಿರೋ ಆ ಅಂಗಡಿ ಮಾತ್ರೆ ಇಲ್ಲಿ ಕೊಡಿ. ಹೃದಯಕ್ಕೆ ಅದೂ ಒಳ್ಳೇದಲ್ಲ."

ಅಜ್ಜಿ ಮಾತ್ರೆ ಕೊಟ್ಟಳು. ಕೊನೆಯ ನಾಣ್ಯ ಕೊಡುವವಳ ಹಾಗೆ.

ಅಲ್ಲೇ ಇಸಿಜಿ ಮಾಡಿಸಿದರು, ಹೃದಯದ ಡಾಕ್ಟರಿಗೆ ತೋರಿಸಿದರು. ಓಡುವ ಪಟ್ಟಿಯ ಮೇಲೆ ನಡೆಸಿ ಪರೀಕ್ಷೆ ಮಾಡೋಣವೆಂದರೆ ಅಜ್ಜಿಯ ಮಂಡಿಗಳು ಅದನ್ನು ನೋಡಿಯೇ ನಕ್ಕವು. ನಾಳದೊಳಗೆ ಸಣ್ಣ ಕೊಳವೆ ಬಿಟ್ಟೇ ನೋಡಬೇಕು, ಅದಕ್ಕೆ ಅಸುನ್ಸಿಯೋನ್‌ನ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಅಲ್ಲಿಯ ತನಕ ಬೇರೆ ಮಾತ್ರೆಗಳು, ನೋವು ಬಂದರೆ ನಾಲಿಗೆಯ ಕೆಳಗೆ ಇಡಲು ಒಂದು ಪುಟ್ಟ ಮಾತ್ರೆ, ಭಾರದ ಕೆಲಸ ಯಾವುದೂ ಇಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಅಜ್ಜಿ ಬಹಳ ದೂರದವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಆಮೇಲೆ, "ಮನೇಲಿ ಹೇಳ್ತೀಯಾ?" ಎಂದು ಕೇಳಿದಳು.

"ಹೇಳಬೇಕಾದವಳು ನಾನಲ್ಲ ಅತ್ತೆ," ಅಂದಳು ಅಮ್ಮ. ನನ್ನ ಕಡೆ ತಿರುಗಿ, "ನೀನೂ ಅಲ್ಲ."

ಅಜ್ಜಿ ಹೇಳಲಿಲ್ಲ. ಹೃದಯದ ವಿಷಯ ಹೇಳಿದಳು, ನೀರಿನ ವಿಷಯ ನುಂಗಿದಳು. ಅಜ್ಜ ಈಗಲೂ ಅಮ್ಮನಿಗೆ ಮಾತೆಯ ಬಟ್ಟಲು ದಾಟಿಸಲಿಲ್ಲ. ಥಂಡಿಯೇ ಹೃದಯಕ್ಕೆ ಇಳಿಯಿತೆಂದು ಬೀದಿ ತಾನೇ ತೀರ್ಪು ಕೊಟ್ಟುಕೊಂಡಿತು. ಅಮ್ಮ ಅಜ್ಜಿಯ ಪಾಲಿನ ಕೆಲಸವನ್ನೆಲ್ಲ ಮಾಡಿದಳು, ಗುಡಿಸಿದಳು, ಒಗೆದಳು, ಒಣಹಾಕಿದಳು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು. ಒಂದು ಮಾತು ಮಾತ್ರ ಆಡಲಿಲ್ಲ. ಅಮ್ಮ ಮಾತಾಡದ ಮನೆ ಎಂಥ ಮನೆ ಅಂತ ನನಗೆ ಆಗ ಗೊತ್ತಾಯಿತು.

ಗರಿಗಳ ಭಾನುವಾರ, ಇನ್ನೇನು ಪವಿತ್ರ ವಾರ ಬಂತು ಎನ್ನುವಾಗ, ಅಸುನ್ಸಿಯೋನ್‌ನಿಂದ ಫೋನು ಬಂತು. ಹಬ್ಬಕ್ಕೆ ಊರಿಗೆ ಹೋಗಬೇಕೆಂದು ಯಾರೋ ತಮ್ಮ ಸರದಿ ಬಿಟ್ಟುಕೊಟ್ಟಿದ್ದರು. ಮಂಗಳವಾರ ಬೆಳಗ್ಗೆ ಬರುತ್ತೀರಾ? ಇಲ್ಲವಾದರೆ ಮತ್ತೆ ಯಾವಾಗಲೋ ಹೇಳಲಾಗದು.

"ಮಂಗಳವಾರ!" ಅಜ್ಜಿ ಮೊಣಕೈಗಳನ್ನು ಮೇಜಿಗೆ ಊರಿದಳು. "ಬುಧವಾರ ಚಿಪಾ. ಎಲ್ಲರೂ ಬೇಡ ಅಂತ ಬಿಸಾಕಿದ ದಿನ ನನಗ್ಯಾಕೆ? ಪವಿತ್ರ ವಾರದಲ್ಲಿ ಯಾವ ಕ್ರೈಸ್ತ ಎದೆ ಕೊಯ್ಸ್ಕೋತಾನೆ?"

"ಕೊಯ್ಯಲ್ಲಮ್ಮ, ಬರೀ ತೂತು," ಅಂದ ಅಪ್ಪ.

"ತೂತು ಈಸ್ಟರ್ ಆದ್ಮೇಲೆ ಹಾಕ್ಲಿ. ನನ್ನ ಮದುವೆ ಆದಾಗಿಂದ ಈ ಒಲೆ ಒಂದು ಬುಧವಾರವೂ ತಣ್ಣಗಿದ್ದಿಲ್ಲ."

"ನಾನ್ ಮಾಡ್ತೀನಿ ಅತ್ತೆ," ಅಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು.

"ನೀನಾ? ನಿನ್ನ ಕೈಗೆ ಹಿಟ್ಟು ಕೊಟ್ರೆ ಚಿಪಾ ಅಲ್ಲ, ಇಟ್ಟಿಗೆ ಆಗುತ್ತೆ."

"ಇಟ್ಟಿಗೆ ಆದ್ರೆ ಗೋಡೆ ಕಟ್ಟೋಣ. ನೀವು ಬದುಕಿರ್ತೀರಲ್ಲ, ಗೋಡೆ ಮೇಲೆ ಕೂತು ಬೈತಾ ಇರಿ."

ಅಪ್ಪ ಸಮಾಧಾನ ಮಾಡಲು ಹೋದ, ಎರಡೂ ಕಡೆಯಿಂದ ಬೈಸಿಕೊಂಡ. ಆಗ, ಮೂಲೆಯಲ್ಲಿ ಚಾಕುವಿನಿಂದ ಹಬ್ಬದ ತಾಳೆಗರಿ ಸೀಳುತ್ತ ಕೂತಿದ್ದ ಅಜ್ಜ ತಲೆ ಎತ್ತದೆ ಹೇಳಿದ:

"ಬುಧವಾರ ಒಲೆ ಹೊತ್ತಿಸೋನು ನಾನು. ಹೊತ್ತಿಸಲ್ಲ."

ಅಜ್ಜಿ ತಿರುಗಿದಳು. "ಏನಂದಿ?"

"ಸೌದೆ ಒಡೆಯಲ್ಲ. ಕೆಂಡ ಎಳೆಯಲ್ಲ. ಶುಕ್ರವಾರ ಶುಕ್ರವಾರ ಶಿಲುಬೆ ಹಾದಿ ಮೆರವಣಿಗೆಗೆ ಹೋದ್ವಲ್ಲ, ಲಿದುವಿನಾ. ಒಂದೊಂದು ನಿಲುಗಡೇಲಿ ಎಲ್ಲರೂ ಮಂಡಿಯೂರಿದ್ರೆ ನೀನು ನನ್ನ ತೋಳು ಹಿಡ್ಕೊಂಡು ಕಣ್ಣು ಮುಚ್ತಿದ್ದೆ. ಎಷ್ಟು ಭಕ್ತಿ ಅಂತ ಜನ ನೋಡ್ತಿದ್ರು. ಭಕ್ತಿ ಅಲ್ಲ. ನಿನ್ನ ಉಗುರು ನನ್ನ ತೋಳಿಗೆ ಇಳೀತಿತ್ತು. ಗುಡ್ಡದ ಹತ್ರ ನಿಲುಗಡೆ ದೂರ ದೂರ ಇದ್ಯಲ್ಲ, ಅಲ್ಲಿ ಮುಂದಿನದು ಬರೋಷ್ಟರಲ್ಲಿ ನೀನು ಹೋಗಿಬಿಡ್ತೀಯ ಅಂತ ನಾನು ಪ್ರಾರ್ಥನೆನೇ ಮರೆತೆ. ತಣ್ಣೀರು ಯಾರೂ ಕೊಟ್ಟಿರ್ಲಿಲ್ಲ ಅಲ್ಲಿ."

ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದ. ಗುರುತುಗಳಿದ್ದವು.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ ಮಾವ?" ಅಮ್ಮ ಅವನೆದುರು ಬಂದು ನಿಂತಳು.

"ಮುಚ್ಕೊಂಡಿದ್ದೆ. ಅವಳು ಹೇಳ್ಬೇಡ ಅಂದ್ಳು. ಇಷ್ಟು ವರ್ಷ ಅವಳು ಹೇಳಿದ್ದು ಕೇಳಿ ಕೇಳಿ ಅಭ್ಯಾಸ ಆಗಿದೆ. ಈಗ ಕೇಳಲ್ಲ."

ಅಜ್ಜಿ ಅವನನ್ನು ದಿಟ್ಟಿಸಿ ನೋಡಿದಳು. ಅಜ್ಜ ಗರಿ ಸೀಳುವುದನ್ನು ಮುಂದುವರಿಸಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

"ಮುದುಕನಿಗೆ ಬಾಯಿ ಬಂತು," ಎಂದಳು ಕೊನೆಗೆ. "ಸರಿ. ನನ್ನ ಒಳ್ಳೇ ಲಂಗ ಇಸ್ತ್ರಿ ಮಾಡ್ರೇ. ಅಸುನ್ಸಿಯೋನ್‌ಗೆ ಹರಕು ಬಟ್ಟೇಲಿ ಹೋಗೋಕಾಗುತ್ತಾ?"

ಮಂಗಳವಾರ ಅಪ್ಪನ ಬಸ್ಸಿನಲ್ಲೇ ಹೋದೆವು. ಅಜ್ಜಿ ಡ್ರೈವರ ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು, ಹತ್ತಿದವರಿಗೆಲ್ಲ "ನನ್ನ ಮಗ" ಎಂದು ತೋರಿಸುತ್ತಿದ್ದಳು. ಊರಿಂದ ಹೊರಗೆ ಹೋಗುವವರು ಕೆಲವರಷ್ಟೇ, ಎದುರಿನಿಂದ ಬರುವ ಬಸ್ಸುಗಳೆಲ್ಲ ಹಬ್ಬಕ್ಕೆ ಮನೆಗೆ ಬರುವವರಿಂದ ತುಂಬಿ ತುಳುಕುತ್ತಿದ್ದವು. ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೊಳವೆ ಬಿಡೋಣವೆಂದು ನೋಡಿದ ಡಾಕ್ಟರು, ಅಜ್ಜಿಯ ಮಣಿಕಟ್ಟು ತಿರುಗಿದ ರೀತಿ ಕಂಡು ತೊಡೆಯ ಸಂದಿಯಿಂದಲೇ ಬಿಟ್ಟರು. ಎಡಗಡೆಯ ದೊಡ್ಡ ನಾಳವೊಂದು ಮುಚ್ಚಿಹೋಗುವುದಕ್ಕೆ ಕೂದಲೆಳೆಯಷ್ಟೇ ಬಾಕಿ ಇತ್ತಂತೆ. ಸ್ಟೆಂಟ್ ಹಾಕಿದರು. "ಬುಧವಾರ ಒಲೆ ಮುಂದೆ ಕೂತಿದ್ರೆ?" ಎಂದು ಅಪ್ಪ ಕೇಳಿದ. ಡಾಕ್ಟರು ಅವನ ಭುಜ ತಟ್ಟಿದರು.

ಬಿಡುಗಡೆಯಾಗುವಾಗ ಅಜ್ಜಿಗೆ ಒಂದು ಆಜ್ಞೆ ಆಯಿತು. ದಿನವೂ ಸ್ವಲ್ಪ ಸ್ವಲ್ಪ ನಡೆಯಬೇಕು. ನಡೆಯುವಾಗ ಎಲ್ಲಿ ನೋಯುತ್ತದೆಂದು ಹೆಸರು ಹಿಡಿದು ಹೇಳಬೇಕು. ಮಂಡಿಯಾದರೆ ಮಂಡಿ, ಎದೆಯಾದರೆ ಎದೆ. "ಯಾವತ್ತಿನ ಹಾಗೇ" ಎನ್ನುವಂತಿಲ್ಲ. ಕೇಳುವ ಕೆಲಸ ಅಮ್ಮನಿಗೆ ಬಂತು. ಪೊಲೀಸಿಗೆ ಲಾಠಿ ಕೊಟ್ಟ ಹಾಗಾಯಿತು! ಬಚ್ಚಲಿಗೆ ಹೋದರೆ "ಎಲ್ಲಿ ನೋಯ್ತಿದೆ ಅತ್ತೆ?", ಬಾಗಿಲಿಗೆ ಬಂದರೆ "ಎಲ್ಲಿ ನೋಯ್ತಿದೆ ಅತ್ತೆ?"

"ಕಿವಿ," ಅನ್ನುತ್ತಿದ್ದಳು ಅಜ್ಜಿ.

ಗುರುವಾರ ಸಂಜೆ ಮನೆ ಸೇರಿದಾಗ ಬೀದಿಯಲ್ಲಿ ಹೊಗೆಯ ವಾಸನೆ ಮಾತ್ರ ಉಳಿದಿತ್ತು. ಮರುದಿನ, ನಮ್ಮ ಒಲೆಯ ಚಿಪಾ ಇಲ್ಲದ ಮೊದಲ ಶುಭ ಶುಕ್ರವಾರ. ಅಕ್ಕಪಕ್ಕದವರು ತಟ್ಟೆ ತಟ್ಟೆ ಕಳಿಸಿದರು. ಅಜ್ಜಿ ಒಂದೊಂದನ್ನೂ ಮುರಿದು ಮೂಸಿದಳು. ಇದಕ್ಕೆ ಚೀಸು ಜಿಪುಣತನ, ಇದಕ್ಕೆ ಸೋಂಪು ಇಲ್ಲ, ಇದು ನಾಯಿಯ ಹಲ್ಲಿಗೆ ಒಳ್ಳೆಯದು. ಎಲ್ಲವನ್ನೂ ತಿಂದಳು. ಆಮೇಲೆ ಮಲಗುವ ಮೊದಲು ಅಜ್ಜನಿಗೆ ಹೇಳಿದಳು, "ನಾಳೆ ಶನಿವಾರ. ಸೌದೆ ಇದ್ಯಾ?"

"ಇದೆ. ನೀನು ಮುಟ್ಟೋ ಹಾಗಿಲ್ಲ."

"ನಾನೆಲ್ಲಿ ಮುಟ್ತೀನಿ ಅಂದೆ? ಅವಳಿದ್ದಾಳಲ್ಲ."

ಆ ಶನಿವಾರ ನನ್ನ ಕಣ್ಣ ಮುಂದೆ ಇನ್ನೂ ಹಸಿಯಾಗಿದೆ. ಮಾವಿನ ಮರದ ಕೆಳಗೆ ಅಜ್ಜಿಯ ಕುರ್ಚಿ, ಒಲೆಯಿಂದ ದೂರ. ಹರಿವಾಣದ ಮುಂದೆ ಅಮ್ಮ, ಮೊಣಕೈ ತನಕ ಹಿಟ್ಟು. ಅಜ್ಜ ಕೆಂಡ ಎಳೆಯುತ್ತ, ಅಪ್ಪ ಬಾಳೆಲೆ ಒರೆಸುತ್ತ. ನನ್ನ ಮೊಸಳೆಗೆ ಅವತ್ತು ಒಂದೇ ಬಾಲ, ಅಮ್ಮನಿಗೆ ಅಷ್ಟೇ ಬಂತು.

"ಗುದ್ದು, ತಟ್ಟಬೇಡ! ಮಗು ಮಲಗಿಸ್ತಿದ್ದೀಯಾ?" ಅಜ್ಜಿ ಕೂಗುತ್ತಿದ್ದಳು. "ಹಾಲು ಸಾಕು. ಸಾಕು ಅಂದೆ!"

"ಅತ್ತೆ, ಎದೆ?"

"ಎದೆ ಚೆನ್ನಾಗಿದೆ, ನಿನ್ನ ಹಿಟ್ಟು ನೋಡ್ಕೋ!"

ಹೊಗೆ ಕಂಡು ಞಾ ಪಾಸ್ತೋರಾ ಬೇಲಿಗೆ ಬಂದಳು. ಅವಳ ಹಿಂದೆ ಇನ್ನೂ ಇಬ್ಬರು. ಬೀದಿಯ ಚಿಪಾಗಳೆಲ್ಲ ಆ ಹೊತ್ತಿಗೆ ಕಲ್ಲಾಗಿದ್ದವು, ನಮ್ಮದೊಂದೇ ಬಿಸಿ. "ಎಲ್ಲರ ಹಬ್ಬ ಮುಗಿದ ಮೇಲೆ ನಿಮ್ಮದು ಶುರುವಾ?" ಎಂದಳು, ಮೂಗರಳಿಸುತ್ತ. ಆಮೇಲೆ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿ, "ಲಿದುವಿನಾ, ಒಲೆ ಹತ್ರ ಮತ್ತೆ ಇವಳನ್ನೇ ಬಿಟ್ಟಿದ್ದೀಯಲ್ಲ. ಮತ್ತೆ ತಣ್ಣೀರು ಕೊಟ್ರೆ?"

ಅಮ್ಮನ ಕೈ ಹಿಟ್ಟಿನಲ್ಲಿ ನಿಂತಿತು.

ಅಜ್ಜಿ ಕುರ್ಚಿಯ ತೋಳು ಹಿಡಿದು ಎದ್ದಳು. ಏಳುವುದಕ್ಕೆ ಹೊತ್ತು ಹಿಡಿಯಿತು, ಯಾರೂ ಸಹಾಯಕ್ಕೆ ಹೋಗಲಿಲ್ಲ.

"ಅವಳು ಕೊಡ್ಲಿಲ್ಲ ಪಾಸ್ತೋರಾ. ಬೇಡ ಅಂದ್ಳು, ನಾನು ಕಿತ್ಕೊಂಡು ಕುಡಿದೆ. ಅದಕ್ಕಿಂತ ಮೊದಲೇ ಎದೆ ನೋಯ್ತಿತ್ತು. ಹೇಳಿದ್ರೆ ಒಲೆ ಕಿತ್ಕೋತಾರೆ ಅಂತ ಹೇಳ್ಲಿಲ್ಲ. ಬೈಸ್ಕೊಂಡಿದ್ದು ಅವಳು, ಕಂಬಳಿ ಹೊದ್ದು ಮಲಗಿದ್ದು ನಾನು. ಇವಳ ಬಾಯಿ ಉದ್ದ ಇಲ್ದೇ ಇದ್ದಿದ್ರೆ ನೀವೆಲ್ಲ ಇವತ್ತು ನನ್ನ ಮನೆಗೆ ಚಿಪಾಗಲ್ಲ, ಸತ್ತವಳ ಜಪಸರದ ಪ್ರಾರ್ಥನೆಗೆ ಬರ್ತಿದ್ರಿ."

ಬೇಲಿಯಾಚೆ ಞಾ ಪಾಸ್ತೋರಾ ತಲೆ ತಗ್ಗಿಸಿ ತನ್ನ ಮನೆಯ ಕಡೆ ನಡೆದಳು. ಅಪ್ಪ ಬಾಳೆಲೆ ಹಿಡಿದು ಬಾಯಿ ಬಿಟ್ಟು ನಿಂತಿದ್ದ. ಅಜ್ಜ ಕೆಂಡದ ಕೋಲು ಕೆಳಗಿಟ್ಟ, ನೆರಳಿನಲ್ಲಿದ್ದ ಮಾತೆಯ ಬಟ್ಟಲು ತೆಗೆದುಕೊಂಡ, ತುಂಬಿಸಿ ಅಮ್ಮನ ಮುಂದೆ ಹಿಡಿದ. ಅಮ್ಮನ ಕೈಯೆಲ್ಲ ಹಿಟ್ಟು. ಅವನೇ ಕೊಳವೆಯನ್ನು ಅವಳ ತುಟಿಗೆ ಇಟ್ಟ. ಅವಳು ಹೀರಿದಳು, ಕಣ್ಣು ತುಂಬಿಕೊಂಡು, ಮೂಗೆಳೆದುಕೊಳ್ಳುತ್ತ, ಕೊನೆಯ ತನಕ.

"ಅಳು ಹಿಟ್ಟಿಗೆ ಬೀಳ್ದೇ ಇರ್ಲಿ," ಅಂದಳು ಅಜ್ಜಿ. "ಉಪ್ಪು ಜಾಸ್ತಿ ಆಗುತ್ತೆ."

ಅದಾದ ಮೇಲೂ ಅಜ್ಜಿ ಎಷ್ಟೋ ಪವಿತ್ರ ವಾರಗಳನ್ನು ಆ ಕುರ್ಚಿಯಿಂದಲೇ ಆಳಿದಳು. ಈಗ ಅಜ್ಜಿಯೂ ಇಲ್ಲ, ಕುರ್ಚಿಯೂ ಇಲ್ಲ, ಅಜ್ಜನೂ ಇಲ್ಲ. ಅಮ್ಮ ಮೊಣಕೈಯಿಂದಲೇ ನಾದುತ್ತಾಳೆ, ಅವಳ ಬೆರಳು ನೆಟ್ಟಗಿದ್ದರೂ. ಕೇಳಿದರೆ, ಹಾಗೆ ಕಲಿತದ್ದು ಅನ್ನುತ್ತಾಳೆ.

ಆದರೆ ನಾನು ನೆನೆಸಿಕೊಳ್ಳುವುದು ಆ ಶನಿವಾರದ ಮಧ್ಯಾಹ್ನವನ್ನು. ಮೊದಲ ತಟ್ಟೆ ಹೊರಬಂತು. ತಳ ಸ್ವಲ್ಪ ಸೀದಿತ್ತು, ಆದರೂ ಚಿಪಾ ಚಿಪಾನೇ. ಅಜ್ಜಿ ಬಿಸಿಬಿಸಿಯದನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, "ಪಾಸ್ತೋರಾಗೆ ನಾನೇ ಕೊಟ್ಟು ಬರ್ತೀನಿ, ಯಾರೂ ಬರಬೇಡಿ," ಎಂದು ಗೇಟು ದಾಟಿದಳು. ಕೆಂಪು ಮಣ್ಣಿನ ಬೀದಿ, ನಡುವೆ ಸಣ್ಣ ಏರು. ಹೋದ ತಿಂಗಳು ಅದೇ ಏರಿನಲ್ಲಿ ಅವಳು ಎರಡು ಸಲ ನಿಂತಿದ್ದಳು. ನಾವೆಲ್ಲ ಗೇಟಿಗೆ ಬಂದು ಸಾಲಾಗಿ ನಿಂತೆವು, ಉಸಿರು ಬಿಗಿಹಿಡಿದು. ಅವಳು ಕುಂಟುತ್ತ, ಒಂದೊಂದೇ ಹೆಜ್ಜೆ, ಏರಿನ ನೆತ್ತಿಗೆ ಬಂದು ನಿಂತಳು.

ಅಮ್ಮ ತಡೆಯಲಾರದೆ ಕೂಗಿದಳು. "ಅತ್ತೇ! ಎಲ್ಲಿ ನೋಯ್ತಿದೆ?"

ಅಜ್ಜಿ ಪೂರ್ತಿ ತಿರುಗಿದಳು. ಒಂದು ಕ್ಷಣ ಒಳಗೆ ಹುಡುಕಿಕೊಂಡವಳ ಹಾಗೆ ತಲೆ ಓರೆ ಮಾಡಿದಳು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ, ನಗುತ್ತ, ಕೂಗಿದಳು:

"ಮಂಡಿ! ಬರೀ ಮಂಡಿ ಕಣೇ!"